ಹಿಮ್ಮಡಿಯ ಗುರುತು

ವಾರ್ಡೋ ದ್ವೀಪದಲ್ಲಿ ಹಿಮ ಬಾಚುವವನು ನಾನು.
ಹೆಜ್ಜೆ ಓದುವುದು ಈ ಕಸುಬಿಗೆ ಅಂಟಿಕೊಂಡೇ ಬಂದದ್ದು:
ಇದು ನರಿ, ಇದು ಮೊಲ,
ಇದು ಟೊರ್‌ಲೈಫ್, ಕುಡಿದು ಮನೆಗೆ ಹೋದದ್ದು.

ಅದಕ್ಕೇ ಹೇಳಲು ನಾಚಿಕೆ.
ನನ್ನದೇ ಮೆಟ್ಟಿಲ ಮೇಲಿನ ಗುರುತನ್ನು
ಮೂರು ವಾರ ಮೊಲದ್ದೆಂದುಕೊಂಡಿದ್ದೆ.

ಬೆಕ್ಕು ಬೆರಳ ತುದಿಯಲ್ಲಿ ನಡೆಯುವ ಪ್ರಾಣಿ,
ಹಿಮದಲ್ಲಿ ಅದರ ಸಹಿ ನಾಲ್ಕು ಚುಕ್ಕಿ, ಹಿಂದೊಂದು ದಿಂಬು.
ಇದು ಉದ್ದಕ್ಕೆ ಎಳೆದದ್ದು,
ಹಿಮ್ಮಡಿ ಊರಿ, ಸವೆದ ಚಪ್ಪಲಿ ಹಾಕಿದವರ ಹಾಗೆ.

ಅವನ ಹೆಸರು ಗ್ರೋತ್, ಅಂದರೆ ಗಂಜಿ.
ಮರಿಯಿದ್ದಾಗ ಪಾತ್ರೆಗೆ ಬಿದ್ದವನು.
ಏಳು ಕೆಜಿ ತೂಗುತ್ತಿದ್ದ, ಬೀದಿಗೇ ಹೆಮ್ಮೆ.
ತೆಳ್ಳಗಾದಾಗ, ವಯಸ್ಸಿಗೆ ಬುದ್ಧಿ ಬಂತು ಅಂದೆ.
ತಟ್ಟೆ ನೆಕ್ಕಿ ಮತ್ತೆ ಕೂಗಿದಾಗ, ಹಸಿವು ಒಳ್ಳೆಯದು ಅಂದೆ.
ನಲ್ಲಿಯ ಕೆಳಗೆ, ಬಕೆಟ್ಟಿನಲ್ಲಿ,
ನನ್ನ ಬೂಟಿನಿಂದ ಕರಗಿದ ಕೊಳಕು ನೀರಲ್ಲೂ
ನಾಲಿಗೆ ಇಟ್ಟು ಕುಡಿದ, ಕುಡಿದೇ ಕುಡಿದ.
ಕುಡಿದದ್ದೆಲ್ಲ ಮರಳಿನ ತಟ್ಟೆಯಲ್ಲಿ ಹೆಪ್ಪುಗಟ್ಟಿ
ಬಂದರಿನ ಕಲ್ಲಿನಷ್ಟು ತೂಕ.
ಸಲಿಕೆ ಹಿಡಿಯುವವನಿಗೆ ತೂಕವಾದರೂ ತಿಳಿಯಬೇಕಿತ್ತು.

ಸಮುದ್ರದಡಿಯ ಸುರಂಗ ದಾಟಿ, ವೈದ್ಯೆ ಐಲಿಯ ಮೇಜಿಗೆ.
ರಕ್ತದಲ್ಲಿ ಸಕ್ಕರೆ, ಅಂದಳು. ಅಂದವಳೇ ತಡೆದಳು:
ಹೆದರಿದ ಬೆಕ್ಕಿನ ರಕ್ತವೂ ಸಿಹಿಯಾಗುತ್ತದೆ,
ಬುಟ್ಟಿ, ಸುರಂಗ, ನನ್ನ ಕೈಗವುಸಿನ ವಾಸನೆ ಸಾಕು ಅದಕ್ಕೆ.
ಇನ್ನೊಂದು ಪರೀಕ್ಷೆಯಿದೆ, ಈ ಗಳಿಗೆಯದ್ದಲ್ಲ,
ಕಳೆದ ಎರಡು ಮೂರು ವಾರದ್ದು.

ರಕ್ತಕ್ಕೆ ಮೂರು ವಾರದ ನೆನಪು!
ನಾನು ಮೊಲ ಎನ್ನುತ್ತಿದ್ದ ಅಷ್ಟೂ ದಿನ
ಅದು ಒಳಗೆ ಲೆಕ್ಕ ಬರೆದಿಡುತ್ತಿತ್ತು.

ಅರ್ಥವಾಗಲಿಲ್ಲ ನನಗೆ, ಸಿಹಿ ಇದ್ದೂ ಹಸಿವು ಹೇಗೆ?
ಐಲಿ ಕಿಟಕಿಯಾಚೆ ತೋರಿಸಿದಳು:
ರೊಟ್ಟಿಯ ಲಾರಿ ಬೀದಿಯಲ್ಲೇ ನಿಂತಿದೆ ಅನ್ನು,
ಮನೆಮನೆಯ ಬಾಗಿಲಿಗೂ ಹಿಮ ಬಿದ್ದು ತೆರೆಯುತ್ತಿಲ್ಲ.
ಬಾಗಿಲ ಹಿಮ ಬಾಚುವವನು ಇನ್ಸುಲಿನ್.
ಕಾಲಿನ ನರ ಸೋತದ್ದೂ ಅದರಿಂದಲೇ.
ಓ, ನಮ್ಮ ಕಸುಬಿನವನು, ಅಂದೆ. ರಜೆ ಹಾಕಿದ್ದಾನೆ.
ನಕ್ಕಳು. ನಾನು ನಗಲಿಲ್ಲ.

ಬೆಳಗ್ಗೆ ಆರಕ್ಕೆ ಒಂದು ಯೂನಿಟ್, ಸಂಜೆ ಆರಕ್ಕೆ ಒಂದು.
ಡಿಸೆಂಬರಿನಲ್ಲಿ ಇಲ್ಲಿ ಎರಡು ಆರಕ್ಕೂ ಒಂದೇ ಬಣ್ಣ,
ಸೂರ್ಯ ಕಾಲ್ಕಿತ್ತು ತಿಂಗಳಾಗಿರುತ್ತದೆ.
ಗಡಿಯಾರ ನೋಡಿ ಅವನನ್ನು ಎಬ್ಬಿಸುತ್ತಿದ್ದೆ,
ಆಮೇಲಾಮೇಲೆ ಅವನನ್ನು ನೋಡಿ ಗಡಿಯಾರ ತಿದ್ದಿಕೊಂಡೆ.
ಹೆಗಲ ನಡುವಿನ ಚರ್ಮ ಡೇರೆಯಂತೆ ಎತ್ತಿ, ಒಳಗೆ ಸೂಜಿ.
ಮೊದಲ ದಿನ ಡೇರೆ ತೂರಿ ಆಚೆ ಬಂತು,
ಔಷಧಿಯೆಲ್ಲ ಕೂದಲಿಗೆ.

ಬಿರುಗಾಳಿಯ ಒಂದು ರಾತ್ರಿ ಉಂಡದ್ದು ಕಾರಿದ.
ಉಣ್ಣದಿದ್ದರೆ ಮೊದಲು ಫೋನು ಮಾಡು ಅಂದಿದ್ದಳು.
ಮರೆತೆ. ಚುಚ್ಚಿದೆ.
ಗೋಡೆಗೆ ಒರಗಿ ತೂರಾಡಿದ, ಕಣ್ಣು ನನ್ನನ್ನು ದಾಟಿ ಎಲ್ಲೋ.
ಜೇನು ಬೆರಳಲ್ಲಿ ತೋಡಿ ವಸಡಿಗೆ ತಿಕ್ಕಿದೆ.
ಅತಿಯಾದರೆ ಅಮೃತವೂ ವಿಷವೆಂಬುದು ಗೊತ್ತಿತ್ತು,
ಆ ರಾತ್ರಿ ವಿಷ ಎಂದವರದ್ದೇ ಅಮೃತ.
ಅರ್ಧ ಗಂಟೆಗೆ ಬೆರಳು ಕಚ್ಚಿದ.
ಕಚ್ಚು, ಅಂದೆ, ಇನ್ನೂ ಕಚ್ಚು.

ಸೂರ್ಯ ಪೂರ್ತಿ ಕಂಡ ದಿನ ಕೋಟೆಯಲ್ಲಿ ತೋಪು ಹಾರಿಸಿದರು.
ಗ್ರೋತ್ ಸೋಫಾದಡಿ ಸೇರಿದ.
ಅವತ್ತಿನ ಅಂಕಿಯನ್ನು ಚೀಟಿಯಲ್ಲಿ ಬರೆದು, ಪಕ್ಕಕ್ಕೆ
"ತೋಪು" ಎಂದು ಬರೆದೆ. ಐಲಿಗೆ ತಿಳಿಯುತ್ತದೆ.

ಈಗ ಊರೆಲ್ಲ ಬಾಚಿದರೂ
ನನ್ನ ಮೆಟ್ಟಿಲನ್ನು ಬೆಳಗಿನವರೆಗೆ ಮುಟ್ಟುವುದಿಲ್ಲ.
ಟಾರ್ಚು ಹಿಡಿದು ಬಗ್ಗಿ ಓದುತ್ತೇನೆ:
ಎಡಗಾಲು ನಾಲ್ಕು ಚುಕ್ಕಿ.
ಬಲಗಾಲು ಇನ್ನೂ ಹಿಮ್ಮಡಿ,
ಆದರೆ ನಿನ್ನೆಗಿಂತ ಗಿಡ್ಡ. ಅಥವಾ
ಗಾಳಿ ತುಂಬಿರಬಹುದು.