ಮೊದಲ ಸುತ್ತು

ಗಂಡಸರ ಎಂಟುನೂರು ಮೀಟರಿನಲ್ಲಿ
ಒಂದು ನಿಮಿಷ ಐವತ್ತೆಂಟು ಅಂದರೆ ಏನೂ ಅಲ್ಲ.
ಜಿಲ್ಲೆಯಲ್ಲಿ ಒಂದು ಸ್ಟೀಲಿನ ಲೋಟ ಸಿಗುತ್ತದೆ,
ರಾಜ್ಯಮಟ್ಟದಲ್ಲಿ ಹೀಟ್ಸಿಗೇ ಮುಗಿಯುತ್ತದೆ.
ಅದು ನನ್ನ ಜೀವಮಾನದ ಓಟ.
ಬಕ್ಕೇಶಪ್ಪ ಮೇಷ್ಟ್ರು ಗಡಿಯಾರ ನೋಡಿ, ನನ್ನ ನೋಡಿ,
ಮತ್ತೆ ಗಡಿಯಾರ ನೋಡಿ ಅಂದರು:
"ಹಾಲೇಶಿ, ನಿನ್ನ ಸ್ಪೀಡಿಗೆ ಒಂದು ಕೆಲಸ ಐತಿ ನೋಡಲೇ."

ಕೆಲಸದ ಹೆಸರು ಜಬೀನಾ.
ಹದಿನಾಲ್ಕು ವರ್ಷ, ಮೊಣಕೈಯಲ್ಲಿ ಬಿಸಿಮರಳಿನ ಕಲೆ.
ಅಪ್ಪ ದಾದಾಪೀರನ ಮಂಡಕ್ಕಿ ಭಟ್ಟಿಯಲ್ಲಿ
ಮೂರಕ್ಕೆ ಎದ್ದು ಜರಡಿ ಹಿಡಿದು
ಆರಕ್ಕೆ ಮೈದಾನಕ್ಕೆ ಬಂದವಳು.
ಮೊದಲ ದಿನ ಓಡಿ ಮುಗಿಸಿ ಗೋಡೆಯ ಬದಿಗೆ ಉಗುಳಿದಳು.
ಕಪ್ಪಗಿತ್ತು.
ನಾಚಿ, ಚಪ್ಪಲಿಯಿಂದ ಮಣ್ಣೆಳೆದು ಮುಚ್ಚಿದಳು.

ಐದು ವರ್ಷ ಅವಳು ನೋಡಿದ್ದು ನನ್ನ ಬೆನ್ನನ್ನು.
ಬನಿಯನ್ನಿನ ಮೇಲಿದ್ದ ಸಿಮೆಂಟ್ ಕಂಪನಿಯ ಹೆಸರಿನಲ್ಲಿ
ಎಷ್ಟನೇ ಒಗೆತಕ್ಕೆ ಯಾವ ಅಕ್ಷರ ಹೋಯಿತೆಂದು
ಅವಳೇ ನನಗೆ ಹೇಳುತ್ತಿದ್ದಳು.
ನನಗೆ ಗೊತ್ತಿದ್ದದ್ದು ಕುತ್ತಿಗೆಯ ಹಿಂದಿನ ಉಸಿರು:
ಎರಡು ಹೆಜ್ಜೆಗೆ ಒಳಗೆ, ಎರಡಕ್ಕೆ ಹೊರಗೆ,
ಮುನ್ನೂರು ದಾಟಿದ ಮೇಲೆ ಒಂದು ಸಣ್ಣ ಶಿಳ್ಳೆ,
ಹಸಿ ಭತ್ತ ಕಾದ ಮರಳಿಗೆ ಬಿದ್ದಾಗ ಬರುತ್ತಲ್ಲ, ಅಂಥದು.
ಅದು ಕೇಳಿದರೆ ಒಂದಿಷ್ಟು ಹಿಡಿದು ಓಡುತ್ತಿದ್ದೆ.
ಮೇಷ್ಟ್ರಿಗೆ ಹೇಳುತ್ತಿರಲಿಲ್ಲ.

ನಾನೂರಕ್ಕೆ ಪಕ್ಕಕ್ಕೆ ಸರಿಯಬೇಕು, ಅಷ್ಟೇ ಕರಾರು.
ಸುಣ್ಣದ ಗೆರೆ ದಾಟಿ ಹುಲ್ಲಿಗಿಳಿದು
ಸೊಂಟಕ್ಕೆ ಕೈಕೊಟ್ಟು ನಿಂತರೆ
ಎರಡನೇ ಸುತ್ತು ಅವಳದು:
ಎಡಹೆಗಲು ತುಸು ಕೆಳಗೆ, ಮೂಟೆ ಹೊತ್ತ ಅಭ್ಯಾಸಕ್ಕೆ.
ಮಂಡಕ್ಕಿ ಮೂಟೆ! ನೋಡಲು ಆನೆ, ತೂಕದಲ್ಲಿ ಮೇಕೆ.

"ಓಡಿ ಎಲ್ಲಿಗೆ ಹೋಗ್ತಾಳ ಸಾರ್,
ಸುತ್ತಿ ಅಲ್ಲಿಗೇ ಬರ್ತಾಳಲ್ಲ?"
ಅವಳಮ್ಮ ಒಮ್ಮೆ ಕೇಳಿದ್ದರು.
ಮೇಷ್ಟ್ರು ಸೀಟಿಯ ದಾರ ಬೆರಳಿಗೆ ಸುತ್ತಿಕೊಂಡು ಸುಮ್ಮನಿದ್ದರು.

ಮೈಸೂರಿನಲ್ಲಿ ಎರಡು ಹನ್ನೊಂದು, ರಾಂಚಿಯಲ್ಲಿ ಎರಡು ಐದು.
ಸ್ಪೈಕ್ಸ್ ಕೊಳ್ಳಲು ಭಟ್ಟಿ ಸಾಲಿನವರೆಲ್ಲ
ಮನೆಗೊಂದು ಚೀಲ ಮಂಡಕ್ಕಿ ಕೊಟ್ಟರು.
ಮಾರಿದ್ದು ನಾನು, ಲಗೇಜ್ ಆಟೋದಲ್ಲಿ, ಹರಿಹರದ ತನಕ.
ಪಟಿಯಾಲದ ಕ್ಯಾಂಪಿನಿಂದ ಫೋನು ಬಂತು:
"ಇಲ್ಲಿ ಗಾಳಿ ಖಾಲಿ ಐತಣ್ಣಾ.
ಎಳಕೊಂಡ್ರೆ ಬಾಯಿಗೆ ಏನೂ ಹತ್ತಂಗಿಲ್ಲ."

ಮೊನ್ನೆ ರಾತ್ರಿ ಒಂದೂ ಮುಕ್ಕಾಲಿಗೆ
ಭಟ್ಟಿಯ ಕಟ್ಟೆ ಮೇಲೆ, ಉಪ್ಪಿನ ಡಬ್ಬಿಗೆ ಆನಿಸಿದ ಫೋನಿನಲ್ಲಿ
ಎಂಟು ದೇಶದ ಎಂಟು ಹುಡುಗಿಯರು.
ಹೆಸರು ಕೂಗಿದವನು ಜಬೈನಾ ಅಂದ.
ದಾದಾಪೀರ್ ಒಲೆಗೆ ಹೊಟ್ಟು ಎರಚುವುದನ್ನು ನಿಲ್ಲಿಸಲಿಲ್ಲ,
ಮರಳು ಆರಿದರೆ ಒಂದು ಬಾಣಲಿ ಹಾಳು.
ಮೊದಲ ತಿರುವಿನ ತನಕ ಅವರವರ ಗೆರೆ,
ಆಮೇಲೆ ಎಲ್ಲರಿಗೂ ಬೇಕು ಅದೇ ಒಳಗೆರೆ.
ಯಾರೂ ಮುಂದಾಗಲಿಲ್ಲ. ಇವಳು ಆದಳು.
ಅವಳ ಮುಂದೆ ಬೆನ್ನಿರಲಿಲ್ಲ, ಬನಿಯನ್ನಿರಲಿಲ್ಲ,
ಕೆಂಪು ರಬ್ಬರು, ದೀಪ, ಅಷ್ಟೇ.
ನಾನೂರಕ್ಕೆ ಗಂಟೆ ಬಾರಿಸಿತು.
ನನ್ನ ಕಾಲು ತಾನಾಗಿ ಪಕ್ಕಕ್ಕೆ ಸರಿಯಿತು,
ಹೊಟ್ಟಿನ ಪುಟ್ಟಿ ಉರುಳಿತು.

ಕೊನೆಯ ನೂರರಲ್ಲಿ ಒಬ್ಬಳು ದಾಟಿದಳು, ಇನ್ನೊಬ್ಬಳು,
ಗೆರೆಯ ಹತ್ತಿರ ಎದೆಚಾಚಿ ಮತ್ತೊಬ್ಬಳು.
ನಾಲ್ಕನೆಯವಳು. ಎರಡು ನಿಮಿಷ, ಮೇಲೆ ಅರ್ಧ ಸೆಕೆಂಡೂ ಇಲ್ಲ.
ಬಾಗಿ, ಟ್ರ್ಯಾಕಿನ ಅಂಚಿಗೆ ಹೋಗಿ ಉಗುಳಿದಳು.
ಬಣ್ಣ ಕಾಣುವುದರೊಳಗೆ ಕ್ಯಾಮೆರಾ
ಬಾವುಟ ಹೊದ್ದವರ ಕಡೆ ತಿರುಗಿತು.

ಬೆಳಗಿನ ಜಾವ ಫೋನು.
ಸಲಾಮಿಲ್ಲ, ನಮಸ್ಕಾರವಿಲ್ಲ.
"ಮೊದಲ ಸುತ್ತು ಎಷ್ಟಾತಣ್ಣಾ?"
"ಐವತ್ತೊಂಬತ್ತು ಎರಡು."
"ಜೋರಾತೇನು?"
"ಇಲ್ಲವ್ವಾ, ನಾನಿದ್ದಿದ್ರೂ ಅಷ್ಟೇ ಓಡಿಸ್ತಿದ್ದೆ."

ಸುಳ್ಳು.
ಆ ಶಿಳ್ಳೆ ಕೇಳಿದ್ದರೆ
ಒಂದು ಸೆಕೆಂಡ್ ಹಿಡಿದು ಓಡುತ್ತಿದ್ದೆ.