ಕೆನೆಯ ಮೇಲೆ ಬರೆದದ್ದು

ಸಭೆ ಸಂಜೆ ಆರಕ್ಕೆ. ಬೆಳಗಿನ ಐದಕ್ಕೇ ಬರೆದು ಮುಗಿಸಿದ್ದೆ:
ಪುರಸಭೆಯ ವರ್ಷಾಂತ್ಯದ ಕೇಕು, ಅರವತ್ತು ತುಂಡಿನದು,
ಮೇಲೆ ಮೆರ್ರಿ ಕ್ರಿಸ್‌ಮಸ್, ಕೆಂಪು ಕೆನೆ, ಹಸಿರು ಅಂಚು.
ಮೂವತ್ತೊಂದು ವರ್ಷದಿಂದ ಈ ಮಣಿಕಟ್ಟಿಗೆ
ಆ ಅಕ್ಷರಗಳ ಏರಿಳಿತ ಬಾಯಿಪಾಠ.

ಒಂಬತ್ತೂವರೆಗೆ ಗುಮಾಸ್ತೆ ಓಪಲ್ ಟ್ರುಯಿಟ್ ಫೋನು:
"ಥೆಕ್ಲಾ, ಅದನ್ನ ಅಳಿಸೋಕಾಗುತ್ತಾ?
ಹೊಸ ಸದಸ್ಯರಿದ್ದಾರಲ್ಲ, ಡಾಕ್ಟರ್ ಹದ್ದಾದ್,
ಅವರ ಮನಸ್ಸಿಗೆ... ನಿನಗೆ ಗೊತ್ತಲ್ಲ.
ಹ್ಯಾಪಿ ಹಾಲಿಡೇಸ್ ಅಂತ ಹಾಕು. ಸುಮ್ಮನೆ ರಗಳೆ ಬೇಡ."

ಹದ್ದಾದರ ಅಜ್ಜ ಲೆಬನಾನಿನ ಬೆಟ್ಟದವರು,
ಏಸು ನೀರನ್ನು ದ್ರಾಕ್ಷಾರಸ ಮಾಡಿದ ಊರು ತಮ್ಮೂರಿಗೆ
ಕತ್ತೆಯ ಮೇಲೆ ಒಂದು ದಿನದ ದಾರಿ ಎನ್ನುತ್ತಿದ್ದರಂತೆ.
ಭಾನುವಾರ ಪೂಜೆ ಮುಗಿಸಿ, ಕೋಟಿನಲ್ಲಿ ಧೂಪ ಇನ್ನೂ ನಾರುವಾಗಲೇ
ನನ್ನಲ್ಲಿಂದ ಅಕ್ರೋಟದ ಸುರುಳಿ ಒಯ್ಯುತ್ತಾರೆ ಡಾಕ್ಟರು.
ಅವರ ಮನಸ್ಸು ನೋಯದಂತೆ ಎಲ್ಲರೂ ಕಾವಲಿದ್ದರು;
ಕೇಳಿದವರು ಒಬ್ಬರಿಲ್ಲ.

ನನಗೇನು? ಅಂಗಡಿಯವಳು. ಚಪ್ಪಟೆ ಚಾಕು ತೆಗೆದು ಹೆರೆದೆ.
ಕೆಂಪು ಸುಲಭಕ್ಕೆ ಬಿಡುವ ಬಣ್ಣವಲ್ಲ.

ಹನ್ನೊಂದಕ್ಕೆ ಗಾರ್ಲೆಂಡ್ ಫೈಫ್ ಖುದ್ದು ಬಂದ,
ಟೊಪ್ಪಿಯ ಹಿಮವನ್ನು ನನ್ನ ಗಾಜಿನ ಕಪಾಟಿನ ಮೇಲೆ ಕೊಡವಿ
"ನಮ್ಮ ಹಬ್ಬಕ್ಕೆ ಹೆಸರಿಲ್ಲವೇನು?" ಎಂದ.
"ಇದೆ" ಎಂದೆ. "ಹಾಗಾದರೆ ಬರೆ" ಎಂದ.
ಪಾಪ, ದನಿ ನಡುಗುತ್ತಿತ್ತು. ಹೆಂಡತಿ ತೀರಿದ ಮೇಲಿನ
ಮೊದಲ ಡಿಸೆಂಬರ್ ಅವನಿಗೆ;
ಜಗಳವಾದರೂ ಜತೆಗಿರಲಿ ಅನ್ನಿಸಿರಬೇಕು.

ಬರೆದೆ. ಒಂದಕ್ಕೆ ಯೂನಿಸ್ ಬ್ರಾಡ್‌ನಾಕ್ಸ್: ಎರಡೂ ಇರಲಿ.
ಒಂದೂಕಾಲಿಗೆ: ಎರಡಿದ್ದರೆ ಮೇಲಿನದು ಯಾವುದು?
ಎರಡಕ್ಕೆ: ಅಕ್ಕಪಕ್ಕ. ಎರಡೂವರೆಗೆ: ಹನುಕ್ಕಾ ಬಿಟ್ಟುಹೋಯಿತಲ್ಲ,
ಊರಲ್ಲಿ ಇನ್ನೂ ನಾಲ್ಕು ಮನೆ ಯಹೂದಿಗಳಿದ್ದಾರೆ.
ಮೂರಕ್ಕೆ: ಋತುವಿನ ಶುಭಾಶಯ. ಯಾವ ಋತು?
ಕಿಟಕಿಯಾಚೆ ಉಪ್ಪು ಬೆರೆತ ಕೆಸರು,
ಅದಕ್ಕೆ ಶುಭ ಕೋರಿದರೆ ಅದೂ ನಕ್ಕೀತು.

ಐದಕ್ಕೆ ಓಪಲ್ ಪಿಸುದನಿಯಲ್ಲಿ ಹೇಳಿದಳು:
ಸರ್ವಾನುಮತ ಸಿಕ್ಕದ್ದು ಆಶ್ಚರ್ಯಸೂಚಕ ಚಿಹ್ನೆಗೆ ಮಾತ್ರ.
ಹಾಗೇ ಕಳಿಸಿದೆ. ಅರವತ್ತು ತುಂಡಿನಷ್ಟು ಬಯಲು,
ಹೆರೆದಲ್ಲೆಲ್ಲ ಒಸಡಿನ ಬಣ್ಣ,
ಮೂಲೆಯಲ್ಲೊಂದು ಕಡ್ಡಿ, ಕೆಳಗೊಂದು ಚುಕ್ಕೆ.
ಚೂರೂ ಉಳಿಯಲಿಲ್ಲವಂತೆ. ಡಾಕ್ಟರು ಎರಡು ತುಂಡು ತಿಂದು
ಎಲ್ಲರ ಕೈ ಕುಲುಕಿ ಮೆರ್ರಿ ಕ್ರಿಸ್‌ಮಸ್ ಎಂದರಂತೆ,
ಫೈಫ್ ಗಡಿಬಿಡಿಯಲ್ಲಿ ಹ್ಯಾಪಿ ಹಾಲಿಡೇಸ್ ಎಂದನಂತೆ.

ನಾನು ಈ ರಗಳೆಗೆ ಹೊಸಬಳಲ್ಲ.
ನನ್ನ ಬಾಬಾ, ಅಂದರೆ ಅಜ್ಜಿ, ಕಾರ್ಪಾಥಿಯನ್ ಬೆಟ್ಟದ ಹಳೆ ಪಂಚಾಂಗವನ್ನು
ಓಹಾಯೋವರೆಗೆ ಹೊತ್ತು ತಂದವಳು.
ಅವಳ ಕ್ರಿಸ್‌ಮಸ್ ಹದಿಮೂರು ದಿನ ತಡ, ಜನವರಿ ಏಳು.
ಅಷ್ಟರಲ್ಲಿ ಊರಿನ ಮರಗಳೆಲ್ಲ ಕಸದ ಗಾಡಿ ಹತ್ತಿರುತ್ತಿದ್ದವು.
ಉಕ್ಕಿನ ಕಾರ್ಖಾನೆ ಅಜ್ಜನಿಗೆ ರಜೆ ಕೊಡುತ್ತಿರಲಿಲ್ಲ.
ಮೆರ್ರಿ ಕ್ರಿಸ್‌ಮಸ್ ಎಂದು ಊರಿಗೆ ಊರೇ ಕೂಗುತ್ತಿದ್ದ ಕಾಲದಲ್ಲೂ
ಅವಳ ಹಬ್ಬದ ದಿನ ಬೀದಿಯಲ್ಲಿ ಯಾರೂ ಅನ್ನಲಿಲ್ಲ.
ಅಡುಗೆಮನೆಯಲ್ಲಿ ಅವಳು "ಕ್ರಿಸ್ತ ಹುಟ್ಟಿದ" ಅನ್ನುವಳು,
ನಾವು "ಕೊಂಡಾಡಿ ಅವನ" ಅನ್ನಬೇಕು.
ನಾನು ಹನ್ನೆರಡರ ಹುಡುಗಿ, ನಾಚಿಕೆ,
ಬಾಯ್ತುಂಬ ರೊಟ್ಟಿ ತುರುಕಿಕೊಂಡು
ಅದರ ಜತೆಗೇ ಉತ್ತರವನ್ನೂ ನುಂಗುತ್ತಿದ್ದೆ.

ಈ ಸಲ ಜನವರಿ ಏಳಕ್ಕೆ ಓಪಲ್ ಬಿಲ್ಲು ಕಟ್ಟಲು ಬಂದಳು.
ಗಲ್ಲಾದ ಪಕ್ಕ, ಗೋಧಿ ತುಂಬಿದ ಲೋಟದಲ್ಲಿ, ಮೇಣದಬತ್ತಿ.
"ಇವತ್ತೇನು ವಿಶೇಷ?"
ತುದಿನಾಲಿಗೆಗೆ ಬಂದಿತ್ತು. ಹೇಳಿದರೆ ಇವಳು,
ಮರಳಿ ಏನನ್ನಬೇಕೆಂದು ಯಾರಿಗೆ ಫೋನು ಮಾಡಿಯಾಳು?
"ಏನಿಲ್ಲ, ಮಂಗಳವಾರ" ಎಂದೆ.

ಓಪಲ್ ಬತ್ತಿ ನೋಡಿದಳು, ನನ್ನ ನೋಡಿದಳು,
ಕೈಗವಸು ಬಿಚ್ಚಿ ನನ್ನ ಹಿಟ್ಟಿನ ಕೈ ಹಿಡಿದು
"ಹಾಗಾದರೆ," ಎಂದಳು, "ಶುಭ ಮಂಗಳವಾರ."
ಚಿಲ್ಲರೆ ಮರೆತು ಹೊರಟೇಹೋದಳು.