ಹನ್ನೆರಡು ಪಾಯಿಂಟ್ ಎರಡು

ಮೈನಸ್ ಮೂವತ್ತೆಂಟು. ಕೊನೆಯ ಬ್ರೆಡ್ಡಿನ ಟ್ರೇ ಇಳಿಸಿ
ಜೀಪಿನ ಬಾನೆಟ್ ಎತ್ತುತ್ತೇನೆ.
ಮೊದಲು ಕಪ್ಪು ತಂತಿ, ಆಮೇಲೆ ಕೆಂಪು.
ಕೈಗವಸು ತೆಗೆದರೆ ಬೆರಳು ಸ್ಪ್ಯಾನರಿಗೆ ಅಂಟುತ್ತದೆ,
ತೆಗೆಯದಿದ್ದರೆ ನಟ್ಟು ಸಿಕ್ಕುವುದಿಲ್ಲ.
ಹದಿನೆಂಟು ಕಿಲೋ. ಕುರಿಗಿಂತ ಹಗುರ, ನಿಜ,
ಆದರೆ ಕುರಿ ತನ್ನ ಕಾಲ ಮೇಲೆ ತಾನು ನಡೆಯುತ್ತದೆ.

ಉಣ್ಣೆಗುಡಾರದೊಳಗೆ, ಒಲೆಯ ಎಡಕ್ಕೆ,
ಹಳೆಯ ಕಂಬಳಿ ತುಂಡಿನ ಮೇಲೆ ಅದರ ಠಾವು.
ಅತ್ತೆ ದುಲ್ಮಾಳದು ಪ್ರತಿ ರಾತ್ರಿ ಅದೇ ಮಾತು:
"ನನಗಿಂತ ಬೆಚ್ಚನೆ ಜಾಗ ಅದಕ್ಕೆ.
ನನ್ನನ್ನೂ ಹೀಗೆ ಹೊತ್ತು ತಂದು ಹೊತ್ತು ಒಯ್ಯುವೆಯಾ?"
"ನೀವು ಬೆಳಿಗ್ಗೆ ಜೀಪು ಸ್ಟಾರ್ಟ್ ಮಾಡಿಕೊಟ್ಟರೆ."
ಅತ್ತೆ ಉಪ್ಪು ಚಹಾ ಬಗ್ಗಿಸುತ್ತಾಳೆ,
ಬೇಕೆಂದೇ ನನ್ನ ಬಟ್ಟಲನ್ನು ಕೊನೆಗೆ ತುಂಬುತ್ತಾಳೆ.

ಇದು ಅದರ ಐದನೆಯ ಚಳಿಗಾಲ.
ಕೊಂಡ ದಿನ ಮುಚ್ಚಳದ ಮೇಲೆ ಉಗುರುಬಣ್ಣದಲ್ಲಿ
ತಾರೀಖು ಬರೆದಿದ್ದೆ. ತಿಂಗಳು ಮಾಸಿದೆ, ವರ್ಷ ಉಳಿದಿದೆ.
ಮೂರು ವರ್ಷ ಗ್ಯಾರಂಟಿ ಅಂದಿದ್ದ ಅಂಗಡಿಯವನು
ಯಾವ ದೇಶದ ಚಳಿಗೆ ಎಂದು ಹೇಳಿರಲಿಲ್ಲ.

ಅಕ್ಟೋಬರಿನಲ್ಲಿ ಹೆಡ್‌ಲೈಟು ಹಳದಿಗೆ ತಿರುಗಿತು.
ಗಾಜಿನ ಧೂಳು ಅಂದೆ, ಒರೆಸಿದೆ.
ನವೆಂಬರಿನಲ್ಲಿ ಕೀಲಿ ತಿರುವಿದಾಗಿನ ಸದ್ದು ಉದ್ದವಾಯಿತು,
ಒಂದೊಂದು ಸುತ್ತಿಗೂ ಯೋಚನೆ ಮಾಡಿದ ಹಾಗೆ.
ಎಣ್ಣೆ ಗಟ್ಟಿಯಾಗಿದೆ ಅಂದೆ.
ಟರ್ಮಿನಲ್ಲಿನ ಸುತ್ತ ಹಸಿರು-ಬಿಳಿ ಪುಡಿ, ಬೂಸಲು ಹಿಡಿದ ಒಣಮೊಸರಿನಂತೆ;
ಸೋಡಾ ಬೆರೆಸಿದ ಬಿಸಿನೀರಲ್ಲಿ ತೊಳೆದೆ, ವಾರದೊಳಗೆ ಮತ್ತೆ.
ಒಂದು ಮಗ್ಗುಲು ಸ್ವಲ್ಪ ಉಬ್ಬಿದೆಯೋ?
ಅಂಗೈ ಇಟ್ಟು ನೋಡಿದೆ.
ಅಂಗೈ ನನ್ನ ಕಡೆಯದು, ಇಲ್ಲ ಅಂದಿತು.

ಯೊಂಡೊನನ ಗ್ಯಾರೇಜು ಅಂದರೆ ಹಡಗಿನ ಒಂದು ಕಂಟೇನರು,
ಸಮುದ್ರವೇ ಕಾಣದ ಊರಿಗೆ ಹೇಗೆ ಬಂತೋ.
ಮೀಟರು ಹಚ್ಚಿದ. "ಹನ್ನೆರಡು ಪಾಯಿಂಟ್ ಎರಡು."
"ಪರವಾಗಿಲ್ಲವಲ್ಲ, ಹನ್ನೆರಡರ ಮೇಲಿದೆ."
"ಸುಮ್ಮನೆ ಕೂತಾಗ ಎಲ್ಲರದ್ದೂ ಹನ್ನೆರಡರ ಮೇಲೇ, ಸೆವ್ಲೆ.
ಕೀಲಿ ತಿರುವು."
ತಿರುವಿದೆ. ಅಂಕಿ ಎಂಟಕ್ಕೆ ಕುಸಿಯಿತು.
ಇಂಜಿನ್ನು ಒಮ್ಮೆ ಕೆಮ್ಮಿ ಹತ್ತಿಕೊಂಡಿತು.
"ನೋಡು, ಹತ್ತಿತು!"
"ಇವತ್ತು," ಅಂದ.

ಹೊಸದಕ್ಕೆ ಆರುನೂರು ಬ್ರೆಡ್ಡಿನ ಲಾಭ ಸುರಿಯಬೇಕು.
ಆ ಲೆಕ್ಕದಲ್ಲೇ ಇನ್ನೂ ಒಂಬತ್ತು ದಿನ ಓಡಿಸಿದೆ.
ಹತ್ತನೆಯ ದಿನ, ಹೆಪ್ಪುಗಟ್ಟಿದ ನದಿ ದಾಟಿ
ಆಚೆ ದಡದ ಶಾಲೆಗೆ ಐವತ್ತು ಬ್ರೆಡ್ಡು ಇಳಿಸಿ
ಮರೆತು ಇಂಜಿನ್ನು ಆರಿಸಿಬಿಟ್ಟೆ.
ಅಡುಗೆಯವಳ ಜತೆ ಅರ್ಧ ಗಂಟೆಯ ಮಾತು.
ಮರಳಿ ಕೂತು ಕೀಲಿ ತಿರುವಿದರೆ
ಟಕ್.
ಇನ್ನೊಮ್ಮೆ.
ಟಕ್.
ಡ್ಯಾಶಿನ ಕೆಂಪು ದೀಪ ಮಿಣಕಿ ಕುಂದಿತು.
ಅಷ್ಟು ಸಣ್ಣ ಸದ್ದಿಗೆ
ಅಷ್ಟು ದೊಡ್ಡ ಬಯಲು ಕಿವಿಗೊಟ್ಟದ್ದನ್ನು
ನಾನು ಮೊದಲು ಕಂಡಿರಲಿಲ್ಲ.
ಹದಿನಾರು ಮಕ್ಕಳು ಓಡಿ ಬಂದು ಜೀಪು ತಳ್ಳಿದರು,
ಬಾಯಲ್ಲಿ ನನ್ನದೇ ಬ್ರೆಡ್ಡು.

ಹಳೆಯದಕ್ಕೆ ಸೀಸದ ತೂಕದ ಬೆಲೆ ಕಟ್ಟಿದ ಯೊಂಡೊನ್.
ಕೊಡಲು ಹೊರಟರೆ ಅತ್ತೆ ಬಾಗಿಲಿಗೆ ಅಡ್ಡ ನಿಂತಳು.
ಸೋಲಾರ್ ಹಲಗೆಯಿಂದ ತಂತಿ ಎಳೆಸಿ
ತನ್ನ ಮಂಚದ ತಲೆದೆಸೆಗೆ ಒಂದು ಬಲ್ಬು ಹಾಕಿಸಿಕೊಂಡಳು.
ಜೀಪು ಎಬ್ಬಿಸಲಾಗದ್ದು ಈಗ
ರಾತ್ರಿ ಹನ್ನೊಂದರ ತನಕ
ಸೂಜಿಗೆ ದಾರ ಪೋಣಿಸುವಷ್ಟು ಬೆಳಕು ಕೊಡುತ್ತದೆ.
ಗೊಣಗು ನಿಂತಿಲ್ಲ:
ಈಗ ಒಲೆಯ ಎಡಕ್ಕೊಂದು ಬ್ಯಾಟರಿ, ಬಲಕ್ಕೊಂದು,
ಕಾಲು ಚಾಚಲು ತನಗೆಲ್ಲಿ ಜಾಗ ಅಂತ.

ನಿನ್ನೆ ಹೊಸದರ ಮುಚ್ಚಳಕ್ಕೆ ತಾರೀಖು ಹಾಕಿದೆ,
ಉಗುರುಬಣ್ಣದಲ್ಲಲ್ಲ, ಮೊಳೆಯಿಂದ ಗೀರಿ.
ಪಕ್ಕದಲ್ಲೇ ಇನ್ನೊಂದು:
ನಾಲ್ಕು ವರ್ಷ ಮುಂದಿನ ಅಕ್ಟೋಬರ್.
ಹೆಡ್‌ಲೈಟಿನ ಗಾಜು ಒರೆಸುವ ಮೊದಲು
ಬಾನೆಟ್ ಎತ್ತಿ ಓದಿಕೊಳ್ಳಲಿಕ್ಕೆ.